ಇಬ್ಬರ ದೋಣಿಯಲ್ಲಿ ಒಬ್ಬರ ತ್ಯಾಗ

1988ರ ಸೆಪ್ಟೆಂಬರ್ 24. ಸೋಲ್ ಒಲಿಂಪಿಕ್ಸ್‌ನ ಹಾಯಿದೋಣಿ ಸ್ಪರ್ಧೆಗಳು ದಕ್ಷಿಣ ಕೊರಿಯಾದ ಬಂದರು ನಗರ ಬುಸಾನ್‌ನ ಕಡಲಿನಲ್ಲಿ ನಡೆಯುತ್ತಿದ್ದವು. ಅಂದು ಗಾಳಿ ಕೆರಳಿ 35 ನಾಟ್‌ವರೆಗೆ, ಅಂದರೆ ಗಂಟೆಗೆ ಸುಮಾರು 65 ಕಿಲೋಮೀಟರ್ ವೇಗಕ್ಕೆ ಏರಿತ್ತು. ಕೆನಡಾದ ಲಾರೆನ್ಸ್ ಲೆಮ್ಯೂ ಒಬ್ಬರೇ ನಡೆಸುವ ಫಿನ್ ಎಂಬ ಬಗೆಯ ದೋಣಿಯಲ್ಲಿದ್ದರು. ಏಳು ರೇಸ್‌ಗಳ ಸರಣಿಯಲ್ಲಿ ಅದು ಐದನೆಯದು. ಅವರು ಎರಡನೆಯ ಸ್ಥಾನದಲ್ಲಿದ್ದರು. ಪಕ್ಕದಲ್ಲೇ ಇಬ್ಬರು ನಡೆಸುವ 470 ದೋಣಿಗಳ ಸ್ಪರ್ಧೆ ನಡೆಯುತ್ತಿತ್ತು. ಅದರಲ್ಲಿದ್ದ ಸಿಂಗಪುರದ ದೋಣಿ ಮಗುಚಿ ಜೋಸೆಫ್ ಚಾನ್ ಮತ್ತು ಸಿಯೂ ಶಾ ಹರ್ ಇಬ್ಬರೂ ಗಾಯಗೊಂಡು ನೀರಿಗೆ ಬಿದ್ದಿದ್ದರು. ಒಬ್ಬರು ಮಗುಚಿದ ದೋಣಿಯನ್ನು ಹಿಡಿದುಕೊಂಡಿದ್ದರೆ ಇನ್ನೊಬ್ಬರು ಅಲೆಗೆ ಸಿಕ್ಕಿ ದೂರ ಸರಿಯುತ್ತಿದ್ದರು. ಲೆಮ್ಯೂ ತಮ್ಮ ದಾರಿ ಬಿಟ್ಟು ಅತ್ತ ತಿರುಗಿದರು, ಇಬ್ಬರನ್ನೂ ಎಳೆದುಕೊಂಡರು, ಗಸ್ತಿನ ದೋಣಿ ಬಂದು ಅವರನ್ನು ಕರೆದೊಯ್ಯುವವರೆಗೆ ಕಾದರು. ಆಮೇಲೆ ಮತ್ತೆ ರೇಸ್‌ಗೆ ಮರಳಿ 22ನೆಯವರಾಗಿ ಗುರಿ ಮುಟ್ಟಿದರು. ತೀರ್ಪುಗಾರರು ಆ ರೇಸ್‌ನ ಎರಡನೆಯ ಸ್ಥಾನವನ್ನು ಅವರಿಗೆ ಹಿಂತಿರುಗಿಸಿದರು. ಕೂಟದ ಕೊನೆಯಲ್ಲಿ ಅವರು 11ನೆಯವರು. ಪದಕ ಬರಲಿಲ್ಲ; ಒಲಿಂಪಿಕ್ ಸಮಿತಿಯ ಅಂದಿನ ಅಧ್ಯಕ್ಷರು ಅವರನ್ನು ವಿಶೇಷವಾಗಿ ಗೌರವಿಸಿದರು.

ಕ್ರೀಡೆಯಲ್ಲಿ ಮನುಷ್ಯತ್ವದ ಮಾತು ಬಂದಾಗಲೆಲ್ಲ ಈ ಕಥೆ ಬರುತ್ತದೆ, ಬರಬೇಕಾದದ್ದೇ. ಆದರೆ ಅದರಲ್ಲಿ ನಾವು ಅಷ್ಟಾಗಿ ಗಮನಿಸದ ಒಂದು ಸಂಗತಿ ಇದೆ. ಲೆಮ್ಯೂ ತಮ್ಮ ದೋಣಿಯಲ್ಲಿ ಒಬ್ಬರೇ ಇದ್ದರು. ಅವರು ಬಿಟ್ಟುಕೊಟ್ಟದ್ದು ತಮ್ಮದನ್ನು. ಇಂಥ ಬೇರೆ ಕಥೆಗಳಲ್ಲೂ ಇದೇ ಕಾಣುತ್ತದೆ. 1996ರ ಕ್ರಿಸ್‌ಮಸ್ ಹೊತ್ತಿಗೆ ದಕ್ಷಿಣ ಸಾಗರದ ಬಿರುಗಾಳಿಯಲ್ಲಿ ಹಿಂದಿರುಗಿ ಹೋಗಿ ರಫಾಯೆಲ್ ಡಿನೆಲಿಯನ್ನು ಉಳಿಸಿದ ಪೀಟ್ ಗಾಸ್ ಒಂಟಿ ನಾವಿಕ. 2020ರಲ್ಲಿ, ಎರಡಾಗಿ ಮುರಿದ ದೋಣಿಯಿಂದ ಪಾರಾಗಿ ತೆಪ್ಪದಲ್ಲಿದ್ದ ಕೆವಿನ್ ಎಸ್ಕೋಫಿಯೆಯನ್ನು ಹುಡುಕಿ ಮೇಲೆತ್ತಿಕೊಂಡ ಜಾನ್ ಲೆಕಾಮ್ ಕೂಡ ಒಂಟಿ. ಇಬ್ಬರೂ ವಾಂದೆ ಗ್ಲೋಬ್ ಎಂಬ, ಒಬ್ಬರೇ ಭೂಮಿಯನ್ನು ಸುತ್ತಿಬರುವ ಸ್ಪರ್ಧೆಯಲ್ಲಿದ್ದವರು. ನಾವು ಮೆಚ್ಚುವ ತ್ಯಾಗಿಗಳು ಹೀಗೆ ಒಂಟಿ ದೋಣಿಯಲ್ಲೇ ಸಿಗುವುದು ಕಾಕತಾಳೀಯವಿರಬಹುದು. ಆದರೆ ತ್ಯಾಗವನ್ನು ನಾವು ಯೋಚಿಸುವ ಬಗೆಯೂ ಒಂಟಿ ದೋಣಿಯದೇ ಆಗಿದೆಯಲ್ಲ ಎಂಬ ಅನುಮಾನ ನನ್ನದು.

ಹಾಗಾಗಿ ಕಥೆಯನ್ನು ಸ್ವಲ್ಪ ಬದಲಿಸಿ ನೋಡೋಣ. ಬುಸಾನ್‌ನಲ್ಲಿ ಹಿಂದಿರುಗಿದ್ದು ಒಬ್ಬರ ದೋಣಿಯಲ್ಲ, ಇಬ್ಬರ ದೋಣಿ ಎಂದುಕೊಳ್ಳಿ. ಚುಕ್ಕಾಣಿ ಹಿಡಿದವನು ಮುಳುಗುತ್ತಿರುವವರನ್ನು ಕಂಡು ದೋಣಿ ತಿರುಗಿಸುತ್ತಾನೆ. ಮುಂದಿರುವ ಜೊತೆಗಾರನೂ ನಾಲ್ಕು ವರ್ಷ ಇದೇ ದಿನಕ್ಕಾಗಿ ಬೆವರು ಹರಿಸಿದವನು. ಅವನನ್ನು ಯಾರೂ ಕೇಳಿಲ್ಲ. ಈಗ ಬಿಟ್ಟುಕೊಟ್ಟದ್ದು ಯಾರ ಪದಕ? ಇನ್ನೊಬ್ಬರ ಪಾಲನ್ನೂ ಸೇರಿಸಿ ತ್ಯಾಗ ಮಾಡುವ ಹಕ್ಕು ಒಬ್ಬರಿಗಿದೆಯೆ?

ಪ್ರಶ್ನೆಯ ಭಾರ ತಿಳಿಯಬೇಕಾದರೆ ಇಬ್ಬರ ದೋಣಿ ಎಂದರೇನು ಎಂದು ತಿಳಿಯಬೇಕು. 470 ದೋಣಿಯನ್ನು ಫ್ರಾನ್ಸಿನ ಆಂದ್ರೆ ಕಾರ್ನು 1963ರಲ್ಲಿ ರೂಪಿಸಿದರು. ಉದ್ದ 4.70 ಮೀಟರ್, ಹೆಸರು ಬಂದದ್ದು ಅಲ್ಲಿಂದಲೇ. 1976ರಿಂದ ಅದು ಒಲಿಂಪಿಕ್ಸ್‌ನಲ್ಲಿದೆ. 2024ರ ಪ್ಯಾರಿಸ್ ಕೂಟದಲ್ಲಿ ಒಬ್ಬ ಹೆಣ್ಣು ಒಬ್ಬ ಗಂಡು ಸೇರಿ ನಡೆಸುವ ದೋಣಿಯಾಯಿತು. ಹಿಂದೆ ಕುಳಿತವರ ಕೈಯಲ್ಲಿ ಚುಕ್ಕಾಣಿ ಮತ್ತು ದೊಡ್ಡ ಹಾಯಿಯ ಹಗ್ಗ. ಮುಂದಿನವರದು ಚಿಕ್ಕ ಹಾಯಿ ಮತ್ತು ಗಾಳಿ ಹಿಂದಿನಿಂದ ಬೀಸುವಾಗ ಬಲೂನಿನಂತೆ ಉಬ್ಬುವ ಸ್ಪಿನೇಕರ್ ಹಾಯಿ. ಗಾಳಿ ಜೋರಾದಾಗ ಮುಂದಿನವರು ಹಾಯಿಕಂಬದಿಂದ ಇಳಿಬಿಟ್ಟ ತಂತಿಗೆ ಸೊಂಟದ ಪಟ್ಟಿಯ ಕೊಂಡಿ ಸಿಕ್ಕಿಸಿ, ಪಾದಗಳನ್ನು ದೋಣಿಯ ಅಂಚಿಗೆ ಒತ್ತಿ, ಇಡೀ ಮೈಯನ್ನು ನೀರಿನ ಮೇಲಕ್ಕೆ ಚಾಚಿ ದೋಣಿಯ ಸಮತೋಲ ಕಾಯುತ್ತಾರೆ. ಚುಕ್ಕಾಣಿ ಹಿಡಿದವರು ಹೇಳದೆ ಕೇಳದೆ ತಿರುಗಿದರೆ ತಂತಿಯಲ್ಲಿ ತೂಗುತ್ತಿರುವವರು ನೀರಿಗೆ ಬೀಳಬಹುದು. ತಂತಿಯವರು ಒಂದು ಕ್ಷಣ ತಡಮಾಡಿ ಒಳಗೆ ಬಂದರೆ ದೋಣಿಯೇ ಮಗುಚಬಹುದು.

ನಮ್ಮವರಾದ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ 2018ರ ಏಷ್ಯನ್ ಗೇಮ್ಸ್‌ನಲ್ಲಿ ಕಂಚು ಗೆದ್ದ, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲೂ ನಡೆಸಿದ ಫಾರ್ಟಿನೈನರ್ ದೋಣಿ ಇನ್ನೂ ಚುರುಕಿನದು. ಅದರಲ್ಲಿ ಇಬ್ಬರೂ ತಂತಿಯಲ್ಲೇ ತೂಗುತ್ತಿರುತ್ತಾರೆ. ಎರಡು ದೋಣಿಯ ಮೇಲೆ ಕಾಲಿಡಬೇಡ ಎಂದು ನಮ್ಮ ಹಿರಿಯರು ಹೇಳುತ್ತಾರೆ. ಇಲ್ಲಿ ಒಂದೇ ದೋಣಿಯ ಮೇಲೆ ನಾಲ್ಕು ಕಾಲುಗಳಿವೆ, ಕಷ್ಟ ಅದಕ್ಕಿಂತ ಕಡಿಮೆಯದೇನಲ್ಲ.

ಇದು ಒಂದು ಗಳಿಗೆಯ ಓಟವೂ ಅಲ್ಲ. ದೊಡ್ಡ ರೆಗಾಟಾ ಐದಾರು ದಿನ ನಡೆಯುತ್ತದೆ. ಟೋಕಿಯೊದಲ್ಲಿ ಫಾರ್ಟಿನೈನರ್ ಜೋಡಿಗಳಿಗೆ ಹನ್ನೆರಡು ರೇಸ್‌ಗಳಿದ್ದವು. ಮೊದಲ ಹತ್ತು ಜೋಡಿಗಳಿಗೆ ಮಾತ್ರ ಕೊನೆಯಲ್ಲಿ ಪದಕದ ರೇಸ್. ಮೊದಲು ಬಂದವರಿಗೆ ಒಂದು ಅಂಕ, ಎರಡನೆಯವರಿಗೆ ಎರಡು, ಹೀಗೆ. ಎಲ್ಲ ಕೂಡಿಸಿದಾಗ ಯಾರ ಲೆಕ್ಕ ಅತಿ ಕಡಿಮೆಯೋ ಅವರು ಗೆದ್ದಂತೆ. ಎರಡನೆಯ ದಿನ ತೆಗೆದುಕೊಂಡ ತೀರ್ಮಾನವೊಂದು ಆರನೆಯ ದಿನದ ಪಟ್ಟಿಯಲ್ಲೂ ಕಾಣುತ್ತದೆ. ಸಂಜೆ ದಡಕ್ಕೆ ಬಂದು, ಒದ್ದೆ ಹಾಯಿ ಮಡಿಸಿ, ಊಟ ಮಾಡಿ ಮಲಗಿ, ಬೆಳಿಗ್ಗೆ ಎದ್ದರೆ ಮತ್ತೆ ಅದೇ ಮನುಷ್ಯನ ಜೊತೆ ಅದೇ ದೋಣಿ ಹತ್ತಬೇಕು. ನಿನ್ನೆಯ ಮಾತು ಗಂಟಲಲ್ಲಿ ಸಿಕ್ಕಿಕೊಂಡಿದ್ದರೆ ಇವತ್ತಿನ ಕೂಗು ಸರಿಯಾಗಿ ಹೊರಡುವುದಿಲ್ಲ.

ಈ ಕ್ರೀಡೆಯ ನಿಯಮ ಪುಸ್ತಕವನ್ನು ವರ್ಲ್ಡ್ ಸೇಲಿಂಗ್ ಸಂಸ್ಥೆ ನಾಲ್ಕು ವರ್ಷಕ್ಕೊಮ್ಮೆ ಪರಿಷ್ಕರಿಸಿ ಹೊರತರುತ್ತದೆ. ಅದರ ಮೊಟ್ಟಮೊದಲ ನಿಯಮ ಗೆಲ್ಲುವುದರ ಬಗ್ಗೆ ಅಲ್ಲ, ಸುರಕ್ಷತೆಯ ಬಗ್ಗೆ: ಅಪಾಯದಲ್ಲಿರುವ ಯಾರಿಗೇ ಆಗಲಿ, ಯಾವ ದೋಣಿಗೇ ಆಗಲಿ, ಸಾಧ್ಯವಿರುವ ಎಲ್ಲ ಸಹಾಯವನ್ನೂ ಮಾಡಲೇಬೇಕು. ಇನ್ನೊಂದು ನಿಯಮ ಹೇಳುತ್ತದೆ: ರೇಸ್‌ಗೆ ಇಳಿಯಬೇಕೇ, ಮುಂದುವರಿಯಬೇಕೇ ಎಂಬ ತೀರ್ಮಾನದ ಹೊಣೆ ದೋಣಿಯದು, ದೋಣಿಯದು ಮಾತ್ರ. ದೋಣಿ ಎಂದರೆ ಅದರಲ್ಲಿರುವ ಜನರೂ ಸೇರಿ ಎಂದು ಪುಸ್ತಕವೇ ವಿವರಿಸುತ್ತದೆ. ಓದಲು ಸರಳವಾಗಿದೆ. ಆದರೆ ಮರ, ಫೈಬರ್, ಹಗ್ಗಗಳು ತೀರ್ಮಾನ ಮಾಡುವುದಿಲ್ಲ. ಒಂದೇ ದೋಣಿಯಲ್ಲಿ ಎರಡು ಮನಸ್ಸುಗಳಿದ್ದು, ಅವೆರಡು ಒಂದನ್ನೇ ಹೇಳದಿದ್ದರೆ ದೋಣಿಯ ತೀರ್ಮಾನ ಯಾವುದು? ಅದನ್ನು ಪುಸ್ತಕ ಆ ಇಬ್ಬರಿಗೇ ಬಿಟ್ಟಿದೆ.

ಅದೇ ಪುಸ್ತಕದಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಒಂದು ಸಣ್ಣ ವಿನಾಯಿತಿ. ಸಹಾಯಕ್ಕೆ ಹೋಗಿ ಸ್ಥಾನ ಕಳೆದುಕೊಂಡ ದೋಣಿ ತೀರ್ಪುಗಾರರಿಂದ ಪರಿಹಾರ ಕೇಳಬಹುದು. ಲೆಮ್ಯೂಗೆ ಸಿಕ್ಕಿದ್ದು ಅಂಥದೇ ಪರಿಹಾರ. ಆದರೆ ಆ ಸಹಾಯ ತನಗೇ ಅಥವಾ ತನ್ನ ದೋಣಿಯವರಿಗೇ ಮಾಡಿಕೊಂಡದ್ದಾದರೆ ಪರಿಹಾರವಿಲ್ಲ. ನೀರಿಗೆ ಬಿದ್ದ ಅಪರಿಚಿತನನ್ನು ಎತ್ತಿಕೊಂಡರೆ ಕಳೆದ ಸ್ಥಾನ ಮರಳಿ ಬರಬಹುದು. ಬಿದ್ದವನು ನಿಮ್ಮ ಜೊತೆಗಾರನೇ ಆದರೆ ಏನೂ ಬರುವುದಿಲ್ಲ, ಅವನು ಮತ್ತೆ ದೋಣಿಗೆ ಸೇರುವ ತನಕ ರೇಸ್ ಮುಂದುವರಿಸುವಂತೆಯೂ ಇಲ್ಲ. ಏಕೆಂದರೆ ನಿಯಮದ ಕಣ್ಣಿನಲ್ಲಿ ಜೊತೆಗಾರ ಇನ್ನೊಬ್ಬನಲ್ಲ. ಅವನನ್ನು ಉಳಿಸುವುದು ನಿಮ್ಮನ್ನು ನೀವೇ ಉಳಿಸಿಕೊಂಡ ಹಾಗೆ.

ಹಾಗಾದರೆ ಮೊದಲಿನ ಪ್ರಶ್ನೆಗೆ ಉತ್ತರ ಸುಲಭವಾಯಿತು ಎನ್ನಿಸುತ್ತದೆ. ಜೊತೆಗಾರ ನಾನೇ ಎಂದ ಮೇಲೆ ಅವನನ್ನು ಕೇಳುವುದೇನು? ಇಬ್ಬರ ಪದಕವೂ ಒಂದೇ, ಒಬ್ಬರು ತೀರ್ಮಾನಿಸಿದರೂ ಅದು ದೋಣಿಯ ತೀರ್ಮಾನವೇ. ಆದರೆ ಈ ದಾರಿಯಲ್ಲಿ ನಾಲ್ಕು ಹೆಜ್ಜೆ ಹೋದರೆ ದಿಗಿಲಾಗುತ್ತದೆ. ಅವಳು ನಾನೇ, ಮಕ್ಕಳು ನಾನೇ, ಮನೆ ಎಂದರೆ ನಾನೇ ಎಂದುಕೊಂಡ ಯಜಮಾನರ ಕಥೆಗಳು ನಮ್ಮಲ್ಲಿ ಕಡಿಮೆಯಿಲ್ಲ. ಊರಿನ ಕೆಲಸಕ್ಕೆ ಧಾರಾಳವಾಗಿ ಕೊಟ್ಟು ದೊಡ್ಡ ಮನುಷ್ಯ ಅನ್ನಿಸಿಕೊಂಡವರ ಮನೆಯಲ್ಲಿ ಬಳೆ ಅಡವಿಗೆ ಹೋಗಿರುತ್ತದೆ, ಮಗಳ ಓದು ಅರ್ಧಕ್ಕೆ ನಿಂತಿರುತ್ತದೆ. ಗೋಡೆಯ ಮೇಲಿನ ಸನ್ಮಾನಪತ್ರದಲ್ಲಿ ಒಂದೇ ಹೆಸರು.

ರಾಘವಾಂಕನ ಕಾವ್ಯದಿಂದ ಹಿಡಿದು ನಾಟಕ, ಸಿನಿಮಾಗಳವರೆಗೆ ನಾವು ಹರಿಶ್ಚಂದ್ರನನ್ನು ಕಂಡು ಕಣ್ಣೀರಿಟ್ಟಿದ್ದೇವೆ. ಅವನು ರಾಜ್ಯ ಕೊಟ್ಟದ್ದು ಸರಿ, ತನ್ನನ್ನು ಮಾರಿಕೊಂಡದ್ದೂ ಸರಿ. ಚಂದ್ರಮತಿ ಗಂಡನ ಸತ್ಯಕ್ಕೆ ಹೆಗಲು ಕೊಟ್ಟಳು ಎಂದೂ ಒಪ್ಪೋಣ. ಲೋಹಿತಾಶ್ವನನ್ನು ಯಾರು ಕೇಳಿದರು? ಆ ಹುಡುಗನೂ ಆ ದೋಣಿಯಲ್ಲಿದ್ದ. ಹರಿಶ್ಚಂದ್ರನ ಸತ್ಯವನ್ನು ಕಡಿಮೆ ಮಾಡಲು ಈ ಮಾತು ಆಡುತ್ತಿಲ್ಲ. ಸತ್ಯದ ಬೆಲೆಯನ್ನು ತೆತ್ತವರ ಪಟ್ಟಿ ಪೂರ್ತಿಯಾಗಿರಲಿ ಎಂದಷ್ಟೇ.

ಹಾಗಾಗಿ ಜೊತೆಗಾರ ನಾನೇ ಎನ್ನುವುದೂ ಪೂರ್ತಿ ನಿಜವಲ್ಲ, ಜೊತೆಗಾರ ಬೇರೆ ಎನ್ನುವುದೂ ಪೂರ್ತಿ ನಿಜವಲ್ಲ. ಎಲ್ಲಿ ನಾನೇ, ಎಲ್ಲಿ ಬೇರೆ ಎಂಬ ಗೆರೆ ಎಳೆಯಬೇಕು. ಆ ಗೆರೆ ಕರ್ತವ್ಯ ಮತ್ತು ಔದಾರ್ಯದ ನಡುವೆ ಇದೆ ಎಂದು ನನಗೆ ತೋರುತ್ತದೆ.

ಮೊದಲು ಕರ್ತವ್ಯ. ಹಾಯಿದೋಣಿ ಸ್ಪರ್ಧೆಯಲ್ಲಿ ಸೀಟಿ ಊದುವ ರೆಫರಿ ಎಲ್ಲ ಕಡೆಯೂ ಇರುವುದಿಲ್ಲ. ದಾರಿಯ ಹಕ್ಕಿದ್ದ ಇನ್ನೊಂದು ದೋಣಿಗೆ ನೀವು ಅಡ್ಡ ಬಂದಿರೆಂದರೆ, ನೀವೇ ಪಕ್ಕಕ್ಕೆ ಸರಿದು, ದೋಣಿಯನ್ನು ಎರಡು ಸುತ್ತು ಗಿರ್ರೆಂದು ತಿರುಗಿಸಿ ದಂಡ ತೆತ್ತು ಮುಂದೆ ಹೋಗಬೇಕು. ಕೂಟದ ಗುರುತಿನ ಬೋಯ್ ತಾಗಿದರೆ ಒಂದು ಸುತ್ತು. ಬೋಯ್‌ಗೆ ದೋಣಿ ಸವರಿಕೊಂಡು ಹೋದದ್ದನ್ನು ಚುಕ್ಕಾಣಿಯವಳು ಮಾತ್ರ ಕಂಡಳು ಎಂದುಕೊಳ್ಳಿ. ತಂತಿಯಲ್ಲಿ ತೂಗುತ್ತಿದ್ದವನ ಮುಖ ಅತ್ತ ಇತ್ತು, ಹತ್ತಿರದಲ್ಲಿ ಬೇರೆ ಯಾರೂ ಇಲ್ಲ. ಅವಳು ಸುತ್ತು ಹೊಡೆಯಲು ದೋಣಿ ತಿರುಗಿಸುತ್ತಾಳೆ. ನಾಲ್ಕು ದೋಣಿಗಳು ದಾಟಿ ಹೋಗುತ್ತವೆ. ಅವನು ಸಿಟ್ಟಿನಿಂದ ಕೂಗುತ್ತಾನೆ: ನನ್ನನ್ನು ಕೇಳಬೇಕಿತ್ತು!

ಕೇಳಬೇಕಿರಲಿಲ್ಲ. ಅವನ ಮಾತಿಗೆ ಬೆಲೆಯಿಲ್ಲವೆಂದಲ್ಲ. ಆ ನಾಲ್ಕು ಸ್ಥಾನಗಳು ಅವನದಾಗಿರಲೇ ಇಲ್ಲ. ಮುಚ್ಚಿಟ್ಟು ಗಳಿಸಿದ ಸ್ಥಾನ ಇಬ್ಬರದೂ ಅಲ್ಲ. ಇಲ್ಲದ್ದನ್ನು ಯಾರೂ ಯಾರಿಂದಲೂ ಕಸಿದುಕೊಳ್ಳಲಾಗದು. ಬುಸಾನ್‌ನಂಥ ಕಡಲಿನಲ್ಲೂ ಇದೇ ಮಾತು, ಇನ್ನೂ ಗಟ್ಟಿಯಾಗಿ. ಮೊದಲ ನಿಯಮವೇ ಮುಳುಗುವವರನ್ನು ಎತ್ತಿಕೊಳ್ಳಿ ಎನ್ನುವ ಆಟದಲ್ಲಿ, ಮುಳುಗುವವರನ್ನು ದಾಟಿಹೋಗಿ ತಂದ ಪದಕ ಪದಕವಲ್ಲ. ಜೊತೆಗಾರನಿಗೆ ಅದರ ಮೇಲೆ ಹಕ್ಕೇ ಇಲ್ಲದಿರುವಾಗ ಚುಕ್ಕಾಣಿ ತಿರುಗಿಸಿದವನು ಅವನಿಂದ ಏನನ್ನೂ ಕಿತ್ತುಕೊಂಡಂತಾಗಲಿಲ್ಲ. ಕರ್ತವ್ಯಕ್ಕೆ ಅನುಮತಿ ಬೇಡ. ಅಲ್ಲಿ ಅವನು ನಾನೇ.

ಔದಾರ್ಯದ ಮಾತು ಬೇರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಹಾಯಿದೋಣಿ ಸ್ಪರ್ಧೆಗಳು ಚಿಂಗ್‌ಡಾವ್ ನಗರದ ಕಡಲಿನಲ್ಲಿ ನಡೆದವು. ಫಾರ್ಟಿನೈನರ್ ವಿಭಾಗದಲ್ಲಿ ಡೆನ್ಮಾರ್ಕಿನ ಯೋನಾಸ್ ವಾರ್ರರ್ ಮತ್ತು ಮಾರ್ಟಿನ್ ಕಿರ್ಕೆಟರ್ಪ್ ಜೋಡಿ ಅಂಕಪಟ್ಟಿಯಲ್ಲಿ ಮುಂದಿತ್ತು. ಕೊನೆಯ ಪದಕದ ರೇಸ್ ಶುರುವಾಗುವ ಮುನ್ನ ಅವರ ಹಾಯಿಕಂಬ ಮುರಿಯಿತು. ಪದಕದ ರೇಸ್‌ಗೆ ಆಯ್ಕೆಯಾಗದ ಕ್ರೊವೇಷ್ಯಾ ಜೋಡಿ ಪಾವ್ಲೆ ಕೊಸ್ಟೊವ್ ಮತ್ತು ಪೆಟಾರ್ ಟ್ಸುಪಾಚ್ ಅವರ ದೋಣಿ ದಡದಲ್ಲಿತ್ತು. ಅದನ್ನು ಡೆನ್ಮಾರ್ಕಿನವರಿಗೆ ಕೊಡಲಾಯಿತು. ಅವರು ಕಾಲಮಿತಿ ಮುಗಿಯಲು ಕೆಲವೇ ಸೆಕೆಂಡುಗಳಿರುವಾಗ ಆರಂಭದ ಗೆರೆ ದಾಟಿ, ಆ ರೇಸ್‌ನಲ್ಲಿ ಏಳನೆಯವರಾಗಿ ಬಂದರೂ ಒಟ್ಟು ಲೆಕ್ಕದಲ್ಲಿ ಚಿನ್ನ ಗೆದ್ದರು. ಬೇರೆ ತಂಡಗಳ ಆಕ್ಷೇಪಣೆಗಳು ಬಂದವು, ಆದರೆ ನಿಲ್ಲಲಿಲ್ಲ. ಕ್ರೊವೇಷ್ಯಾದವರಿಗೆ ಅಂತಾರಾಷ್ಟ್ರೀಯ ಕ್ರೀಡಾಮನೋಭಾವದ ಪ್ರಶಸ್ತಿ ಸಿಕ್ಕಿತು.

ಇಲ್ಲಿ ಯಾರೂ ಮುಳುಗುತ್ತಿರಲಿಲ್ಲ. ದೋಣಿ ಕೊಡದಿದ್ದರೆ ಯಾವ ನಿಯಮವೂ ಮುರಿಯುತ್ತಿರಲಿಲ್ಲ, ಯಾರೂ ಬೆರಳು ತೋರುತ್ತಿರಲಿಲ್ಲ. ಗಾಳಿ ಜೋರಾಗಿದ್ದ ಆ ದಿನ ತಮ್ಮ ದೋಣಿಯೂ ಮುರಿದು ಬರಬಹುದಿತ್ತು. ತಿಂಗಳುಗಟ್ಟಲೆ ಇಬ್ಬರ ತೂಕಕ್ಕೆ, ಇಬ್ಬರ ಅಳತೆಗೆ ಹೊಂದಿಸಿ ಪಳಗಿಸಿದ ದೋಣಿ ಅದು. ಇಂಥ ಕಡೆ ಕೊಡುವ ವಸ್ತು ನಿಜಕ್ಕೂ ಇಬ್ಬರದು. ಒಬ್ಬನು ಇನ್ನೊಬ್ಬನನ್ನು ಕೇಳದೆ ‘ಹಿಡಿ, ತೆಗೆದುಕೊಂಡು ಹೋಗು’ ಎಂದರೆ, ಅವನು ಉದಾರಿಯಾಗುವುದು ಅರ್ಧ ಮಾತ್ರ. ಉಳಿದರ್ಧ ಬೇರೆಯವರ ಗಂಟನ್ನು ಬಿಚ್ಚಿ ಹಂಚಿದಂತೆ. ಇಬ್ಬರೂ ಹೂಂ ಎಂದು ಕೊಟ್ಟಾಗ ಮಾತ್ರ ಅದು ಪೂರ್ತಿ ಔದಾರ್ಯ. ಹೊಣೆಯಲ್ಲಿ ಜೊತೆಗಾರ ನಾನೇ. ದಾನದಲ್ಲಿ ಅವನು ಬೇರೆ.

ಗೆರೆಯನ್ನು ಎಳೆಯುವುದು ಸುಲಭ, ಅದರ ಮೇಲೆ ನಿಲ್ಲುವುದು ಕಷ್ಟ. ಏಕೆಂದರೆ ನಾವು ಒಂದಕ್ಕೆ ಇನ್ನೊಂದರ ಬಟ್ಟೆ ತೊಡಿಸುತ್ತೇವೆ. ಹೆಸರಿನ ಆಸೆಯಿರುವವನು ತನ್ನ ದಾನವನ್ನು ಕರ್ತವ್ಯ ಎಂದು ಕರೆಯುತ್ತಾನೆ, ಆಗ ಮನೆಯಲ್ಲಿ ಕೇಳಬೇಕಾಗಿಲ್ಲ. ಜೀವದ ಮೇಲೆ, ದುಡ್ಡಿನ ಮೇಲೆ ಆಸೆಯಿರುವವನು ತನ್ನ ಕರ್ತವ್ಯವನ್ನು ದಾನ ಎಂದು ಕರೆಯುತ್ತಾನೆ, ಆಗ ಮಾಡಬೇಕಾಗಿಲ್ಲ. ಈ ಎರಡನೆಯ ಜಾಣತನದಲ್ಲಿ ಜೊತೆಗಾರ ಒಳ್ಳೆಯ ನೆಪವಾಗುತ್ತಾನೆ. ನಾನೊಬ್ಬನೇ ಆಗಿದ್ದರೆ ಖಂಡಿತ ನಿಲ್ಲುತ್ತಿದ್ದೆ, ಸಾಕ್ಷಿ ಹೇಳುತ್ತಿದ್ದೆ, ಆ ಕೆಲಸಕ್ಕೆ ರಾಜೀನಾಮೆ ಬಿಸಾಕುತ್ತಿದ್ದೆ. ಏನು ಮಾಡಲಿ, ಹೆಂಡತಿ ಮಕ್ಕಳಿದ್ದಾರಲ್ಲ. ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ಕೆಲವೊಮ್ಮೆ ಅದು ನಿಜವೂ ಹೌದು. ಆದರೆ ಹೆಂಡತಿಯನ್ನು ಒಮ್ಮೆಯಾದರೂ ಕೇಳಿದ್ದನೆ ಎಂಬುದೇ ಇದರ ಪರೀಕ್ಷೆ. ಎಷ್ಟೋ ಮನೆಗಳಲ್ಲಿ ಕೇಳಿದ್ದರೆ ಅವಳು ಇವನಿಗಿಂತ ಮೊದಲೇ ಚುಕ್ಕಾಣಿ ತಿರುಗಿಸುತ್ತಿದ್ದಳು. ಜೊತೆಗಾರರನ್ನು ಕೇಳದೆ ತ್ಯಾಗ ಮಾಡುವುದು ಒಂದು ಅನ್ಯಾಯ. ಕೇಳದೆಯೇ ಅವರ ಹೆಸರಿನಲ್ಲಿ ಹೇಡಿಯಾಗುವುದು ಅದಕ್ಕಿಂತ ದೊಡ್ಡ ಅನ್ಯಾಯ.

ಇನ್ನೊಂದು ತೊಡಕಿದೆ. ಕರ್ತವ್ಯಕ್ಕೆ ಅನುಮತಿ ಬೇಡ ಎಂದೆ. ಹಾಗೆಂದು ಜೊತೆಗಾರನಿಗೆ ನಷ್ಟವೇ ಆಗಲಿಲ್ಲ ಎನ್ನಲಾದೀತೆ? ಆ ಪದಕದ ಮೇಲೆ ಅವನಿಗೆ ಹಕ್ಕಿರಲಿಲ್ಲ, ನಿಜ. ಆದರೆ ಅವನ ನಾಲ್ಕು ವರ್ಷದ ಮುಂಜಾವುಗಳು, ಮನೆಯವರಿಂದ ದೂರವಿದ್ದ ಹಬ್ಬಗಳು, ಅಂಗೈಯಲ್ಲಿ ಹಗ್ಗ ಕೊಯ್ದ ಗೆರೆಗಳು ನಿಜವಾಗಿದ್ದವು. ತಪ್ಪು ಮಾಡದೆಯೂ ಒಬ್ಬರಿಗೆ ನೋವು ಕೊಟ್ಟಿರಬಹುದು. ಸರಿಯಾದದ್ದನ್ನೇ ಮಾಡಿದೆ, ಇನ್ನೇನು ಎಂದು ಕೈಕೊಡವಿ ಹೋಗುವವನು ಸರಿಯಾದದ್ದನ್ನು ಅರ್ಧವಷ್ಟೇ ಮಾಡಿರುತ್ತಾನೆ.

ಇಲ್ಲಿ ನನಗೆ ಪುಣ್ಯಕೋಟಿ ನೆನಪಾಗುತ್ತಾಳೆ. ಗೋವಿನ ಹಾಡನ್ನು ನಾವು ಮಾತಿಗೆ ತಪ್ಪದ ಹಸುವಿನ ಕಥೆಯೆಂದು ಕಲಿತವರು. ಹುಲಿಗೆ ಕೊಟ್ಟ ಮಾತು ಅವಳ ಕರ್ತವ್ಯ. ಅದನ್ನು ಉಳಿಸಿಕೊಳ್ಳಲು ಅವಳಿಗೆ ಕರುವಿನ ಅನುಮತಿ ಬೇಕಿರಲಿಲ್ಲ. ಆದರೂ ಅವಳು ಅವಧಿ ಬೇಡಿ ದೊಡ್ಡಿಗೆ ಬಂದಳು. ಹಾಲೂಡಿಸಿದಳು, ಹೋಗುವೆನೆಂದು ಕರುವಿನ ಮುಖಕ್ಕೇ ಹೇಳಿದಳು, ಅದರ ಅಳುವನ್ನು ನಿಂತು ಕೇಳಿದಳು, ಒಡಹುಟ್ಟುಗಳ ಕೈಗೆ ಅದನ್ನು ಒಪ್ಪಿಸಿದಳು, ಆಮೇಲೆ ಹೊರಟಳು. ಅವಳ ದೊಡ್ಡತನ ಹುಲಿಯ ಎದುರಿಗೆ ನಿಂತದ್ದರಲ್ಲಿ ಎಷ್ಟಿದೆಯೋ ಕರುವಿನ ಎದುರಿಗೆ ನಿಂತದ್ದರಲ್ಲೂ ಅಷ್ಟೇ ಇದೆ. ಬೆಲೆ ತೆರುವವರಿಗೆ ಬೆನ್ನು ತೋರಿಸಿ ಅವಳು ಸತ್ಯವಂತಳಾಗಲಿಲ್ಲ.

ಆದರೆ ಕಡಲಿನಲ್ಲಿ ಅಷ್ಟು ಹೊತ್ತು ಎಲ್ಲಿರುತ್ತದೆ, ಅಲೆ ಕಾಯುತ್ತದೆಯೆ ಎಂದು ಕೇಳಬಹುದು. ಹೌದು, ಕಾಯುವುದಿಲ್ಲ. ಅದಕ್ಕೇ ಮಾತು ದಡದಲ್ಲೇ ಆಗಿರಬೇಕು. 2024ರ ಅಕ್ಟೋಬರ್ 2ರಂದು ಭಾರತೀಯ ನೌಕಾಪಡೆಯ ಅಧಿಕಾರಿಗಳಾದ ದಿಲ್ನಾ ಕೆ. ಮತ್ತು ರೂಪಾ ಎ. ತಾರಿಣಿ ಎಂಬ ಹಾಯಿನೌಕೆಯಲ್ಲಿ ಗೋವಾದಿಂದ ಹೊರಟು, ಕೇಪ್ ಹಾರ್ನ್ ಬಳಸಿ, ಭೂಮಿಯನ್ನು ಸುತ್ತಿ 2025ರ ಮೇ 29ರಂದು ಮರಳಿ ಬಂದರು. ಅದು ಸ್ಪರ್ಧೆಯಾಗಿರಲಿಲ್ಲ. ಆದರೆ ಸಾಗರದಾಚೆಯ ಇಬ್ಬರ ಸ್ಪರ್ಧೆಗಳಲ್ಲೂ ಪಯಣಗಳಲ್ಲೂ ಪದ್ಧತಿ ಒಂದೇ: ಒಬ್ಬರು ಮಲಗಿದಾಗ ಇನ್ನೊಬ್ಬರು ಎಚ್ಚರ. ಮಲಗಿದವರು ತಮ್ಮ ಜೀವವನ್ನೇ ಎಚ್ಚರವಿರುವವರ ತೀರ್ಮಾನಕ್ಕೆ ಒಪ್ಪಿಸಿರುತ್ತಾರೆ. ಪ್ರತಿ ತೀರ್ಮಾನಕ್ಕೂ ಎಬ್ಬಿಸುತ್ತಿದ್ದರೆ ಪಯಣ ಸಾಗುವುದಿಲ್ಲ, ಯಾವುದಕ್ಕೂ ಎಬ್ಬಿಸದಿದ್ದರೆ ನಂಬಿಕೆ ಉಳಿಯುವುದಿಲ್ಲ. ಯಾವುದಕ್ಕೆ ಎಬ್ಬಿಸಬೇಕು, ಯಾವುದಕ್ಕೆ ಬೇಡ ಎಂಬುದು ಇಬ್ಬರಿಗೂ ಮೊದಲೇ ತಿಳಿದಿರಬೇಕು.

ಎರಡು ಮನಸ್ಸು ಒಂದು ದೋಣಿಯಾಗುವುದು ಹೀಗೆ. ಒಟ್ಟಿಗೆ ಹಾಯಿ ಎಳೆಯುವುದನ್ನು ಕಲಿತರೆ ಸಾಲದು, ಯಾವುದರ ಮುಂದೆ ಗೆಲುವನ್ನು ಬಿಡುತ್ತೇವೆ ಎಂಬುದನ್ನೂ ಒಟ್ಟಿಗೆ ಕಲಿಯಬೇಕು. ಹಾಗೆ ಕಲಿತ ಜೋಡಿಯಲ್ಲಿ ಒಬ್ಬರು ಚುಕ್ಕಾಣಿ ತಿರುಗಿಸಿದರೆ ಇನ್ನೊಬ್ಬರು ತಂತಿಯಿಂದ ಒಳಗೆ ಬಂದು ಆಗಲೇ ಕೈ ಚಾಚಿರುತ್ತಾರೆ. ಅಲ್ಲಿ ಯಾರು ಯಾರ ಪಾಲನ್ನೂ ತ್ಯಾಗ ಮಾಡಲಿಲ್ಲ. ಮದುವೆಗೆ ಜಾತಕ, ಸಂಬಳ, ಮನೆತನ ಎಲ್ಲ ವಿಚಾರಿಸುವ ನಾವು, ವ್ಯಾಪಾರಕ್ಕೆ ಪಾಲುಪತ್ರ ಬರೆಯುವ ನಾವು, ಈ ಒಂದು ಮಾತನ್ನು ಕೇಳುವುದು ಅಪರೂಪ: ಯಾರಿಗಾಗಿ, ಯಾವುದಕ್ಕಾಗಿ ನಾವಿಬ್ಬರೂ ನಿಲ್ಲುತ್ತೇವೆ? ಕೇಳಿದರೆ ಹಲವು ಪಾಲುಗಾರಿಕೆಗಳು ಶುರುವಾಗುವುದೇ ಇಲ್ಲ ಎಂಬ ಭಯವೂ ಇದೆ. ಶುರುವಾಗದಿರುವುದು ನಡುನೀರಿನಲ್ಲಿ ತಿಳಿಯುವುದಕ್ಕಿಂತ ಮೇಲು.

ಇಷ್ಟೆಲ್ಲ ಮೊದಲೇ ಮಾತಾಡಿಕೊಂಡರೂ ಕಡಲು ಯಾರೂ ಯೋಚಿಸಿರದ ಒಂದನ್ನು ತಂದೊಡ್ಡುತ್ತದೆ. ಆಗ ಒಬ್ಬರು ತೀರ್ಮಾನಿಸುತ್ತಾರೆ, ಇನ್ನೊಬ್ಬರಿಗೆ ಅದು ಸರಿಕಾಣುವುದಿಲ್ಲ. ರೆಗಾಟಾದ ಲೆಕ್ಕದಲ್ಲಿ ಇದಕ್ಕೊಂದು ಸಣ್ಣ ಕರುಣೆ ಇದೆ: ಸರಣಿಯ ಅತಿ ಕೆಟ್ಟ ಒಂದು ಫಲಿತಾಂಶವನ್ನು ಲೆಕ್ಕದಿಂದ ಬಿಟ್ಟುಬಿಡಬಹುದು. ಮಗುಚಿದ ದಿನ, ತಡವಾಗಿ ತಿರುಗಿದ ದಿನ, ಹೀಗೆ ಒಂದನ್ನು ಪಟ್ಟಿಯಲ್ಲಿ ಕಂಸದೊಳಗೆ ಹಾಕಿ ಮುಂದೆ ಹೋಗುತ್ತಾರೆ. ಆದರೆ ನ್ಯಾಯದ ಆಟವನ್ನೇ ಮುರಿದು ಅನರ್ಹರಾದ ರೇಸನ್ನು ಹಾಗೆ ಬಿಡಲು ಬರುವುದಿಲ್ಲ. ಅದು ಕೊನೆಯವರೆಗೂ ಲೆಕ್ಕದಲ್ಲಿ ಉಳಿಯುತ್ತದೆ. ಸೋಲನ್ನು ಮರೆಯಬಹುದು, ಮೋಸವನ್ನು ಮರೆಯಲಾಗದು ಎಂದು ಅಂಕದ ಲೆಕ್ಕ ಬರೆದವರಿಗೂ ಅನ್ನಿಸಿರಬೇಕು.

ಜೊತೆಗಾರರ ನಡುವೆಯೂ ಇಂಥದೊಂದು ಲೆಕ್ಕ ಬೇಕು. ನಿನ್ನಿಂದ ನಾನು ಸೋತ ರೇಸನ್ನು ನಾನು ಕಂಸದೊಳಗೆ ಹಾಕುತ್ತೇನೆ, ನನ್ನಿಂದ ನೀನು ಸೋತದ್ದನ್ನು ನೀನು. ಇದನ್ನು ಯಾವ ತೀರ್ಪುಗಾರರೂ ಕೊಡಿಸಲಾರರು. ಸಂಜೆ ಹಾಯಿ ಮಡಿಸುವಾಗ ಎರಡು ತುದಿ ಹಿಡಿದು ನಿಂತ ಇಬ್ಬರೇ ಅದನ್ನು ಒಬ್ಬರಿಗೊಬ್ಬರು ಕೊಟ್ಟುಕೊಳ್ಳಬೇಕು. ಕೊಟ್ಟುಕೊಂಡವರು ಮಾರನೆಯ ಬೆಳಿಗ್ಗೆ ಮತ್ತೆ ದೋಣಿ ಇಳಿಸುತ್ತಾರೆ.